ಹರಿಹರದ ಹೊಳೆ ಸೇರುವ ಸಮುದ್ರ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಕ್ಷೆಯಲ್ಲಿ ತುಂಗಭದ್ರೆಯನ್ನು ಪಶ್ಚಿಮಕ್ಕೆ ಹರಿಸಿದ ಮಕ್ಕಳಿಗೆ ಸೊನ್ನೆ ಕೊಡುವವಳು. ಅಂಥವಳು ಮೂರು ವರ್ಷದ ಹಿಂದೆ ಹರಿಹರದ ಹೊಳೆ ದಂಡೆಯಲ್ಲಿ ಅವ್ವನಿಗೆ ಸುಳ್ಳು ಹೇಳಿದೆ. ಅಪ್ಪನ ಅಸ್ಥಿ ಬಿಟ್ಟು ಮೆಟ್ಟಿಲು ಹತ್ತುವಾಗ, "ಇಲ್ಲಿಂದ ಎಲ್ಲಿಗೆ ಹೋಗ್ತಾರೆ ಅವರು?" ಎಂದು ಕೇಳಿದಳು. ಸಮುದ್ರಕ್ಕೆ ಎಂದೆ. "ಹೊನ್ನಾವರದ ಸಮುದ್ರಕ್ಕಾ?" ಎಂದಳು. ನಾವು ಮೊದಲಿದ್ದ ನಿಟ್ಟುವಳ್ಳಿಯ ಓಣಿಗೆ ಒಣಮೀನು ಮಾರಲು ಬರುತ್ತಿದ್ದ ಹೆಂಗಸು ಆ ಊರಿನವಳು. ಅವ್ವನಿಗೆ ಗೊತ್ತಿದ್ದ ಸಮುದ್ರ ಅದೊಂದೇ. ಅವಳ ಅಳು ನಿಂತರೆ ಸಾಕಾಗಿತ್ತು, ಹ್ಞೂಂ ಅಂದುಬಿಟ್ಟೆ.

ಈ ಸಲ ದಸರೆ ರಜೆಗೆ ಅವಳು ಆ ಸಮುದ್ರ ನೋಡಬೇಕೆಂದು ಹಟ ಹಿಡಿದಳು. ಸಮುದ್ರ ಕಣ್ಣಿಗೆ ಬೀಳುವುದರೊಳಗೆ ನಿಜ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಅವ್ವ ಈಗ ನಮ್ಮೊಂದಿಗಿರುವ ಪಿ.ಜೆ. ಬಡಾವಣೆಯ ಮನೆಯಿಂದ ಬೆಳಿಗ್ಗೆ ಕಾರು ಹೊರಡಿಸಿದೆ. ಹರಿಹರ ದಾಟುವಾಗ ಹೇಳಬಹುದಿತ್ತು. ಶಿವಮೊಗ್ಗದಲ್ಲಿ ಇಡ್ಲಿ ತಿನ್ನುವಾಗಲೂ ಹೇಳಬಹುದಿತ್ತು. ಘಟ್ಟ ಇಳಿದು ಹೊನ್ನಾವರ ಮುಟ್ಟಿದ ಮೇಲೆ ನಾನು ಹಿಡಿದದ್ದು ಬೇರೆ ದಾರಿ: ಹೆದ್ದಾರಿ ಬದಿಯಲ್ಲಿ ಏನು ಕಂಡರೂ ಕಾರು ನಿಲ್ಲಿಸುವುದು.

ಮೊದಲು ಸಿಕ್ಕಿದ್ದು ಹಡಗಿನ ಆಕಾರದ ಹೋಟೆಲು. ಕಿಟಕಿಗಳೆಲ್ಲ ದುಂಡಗೆ, ಮಾಣಿಗಳ ತಲೆಗೆ ನಾವಿಕರ ಟೋಪಿ. ಅವ್ವ ಚಹಾ ಕುಡಿಯುತ್ತ ಸುತ್ತ ನೋಡಿದಳು. "ನೀರಿಲ್ಲದ ಕಡೆ ಹಡಗು ಯಾಕ ಕಟ್ಟ್ಯಾರೆ?" ಮುಂದೆ ಒಂದು ವೃತ್ತದಲ್ಲಿ ಆಳೆತ್ತರದ ಯಕ್ಷಗಾನದ ಕಿರೀಟ, ಅದರೊಳಗೆ ಪಾರಿವಾಳಗಳ ಸಂಸಾರ. ಅದರಾಚೆ ಆಟೊಗಿಂತ ದೊಡ್ಡದಾದ ಸಿಮೆಂಟಿನ ಏಡಿ. ಏಡಿಗೆ ಮುಂದಿನ ಇಕ್ಕಳಗಳೂ ಸೇರಿ ಹತ್ತು ಕಾಲಿರಬೇಕು, ಇದಕ್ಕೆ ಎಂಟೇ ಇದ್ದವು. ತಪ್ಪು ಕಟ್ಟಿದ್ದಾರೆ ಎಂದು ಅವ್ವನಿಗೆ ಐದು ನಿಮಿಷ ಪಾಠ ಮಾಡಿದೆ. ಆಮೇಲೆ ಒಬ್ಬ ನಿವೃತ್ತ ಕಂಡಕ್ಟರರ ಮನೆ. ಗೋಡೆ, ಕಂಬ, ತುಳಸಿಕಟ್ಟೆ, ಕೊನೆಗೆ ಬಚ್ಚಲಿನ ಬಾಗಿಲಿಗೂ ಕಪ್ಪೆಚಿಪ್ಪು ಅಂಟಿಸಿದ್ದರು. "ಒಳಗೆ ಬನ್ನಿ, ಇನ್ನೂ ಉಂಟು" ಎಂದು ಅವರು ಕರೆದದ್ದೇ ತಡ, ನಾನು ಹೋದೆ.

"ಊರವರ ಬಚ್ಚಲು ನೋಡಾಕ ಬಂದೀವೇನು? ಸಮುದ್ರ ಎಲ್ಲೈತೆ?" ಎಂದು ಅವ್ವ ಹೊರಗೆ ನಿಂತೇ ರೇಗಿದಳು.

ಐದಾಗುವಷ್ಟರಲ್ಲಿ ನನ್ನ ನೆಪಗಳು ಮುಗಿದು, ಸಮುದ್ರದ ದಂಡೆಗೆ ಬಂದೆವು. ಮರಳಿನ ಮೇಲೆ ಅವ್ವ ಚೀಲದಿಂದ ಡಬ್ಬಿ ತೆಗೆದಳು. ಒಗ್ಗರಣೆ ಮಂಡಕ್ಕಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ಅಪ್ಪ ಊಟ ಬಿಟ್ಟರೂ ಅದನ್ನು ಬಿಡುತ್ತಿರಲಿಲ್ಲ. ಅವಳು ಎಡೆ ಇಡಲು ನೀರಿನ ಕಡೆ ಹೊರಟಳು. ನಾನು ಸೆರಗು ಹಿಡಿದೆ.

"ಅವ್ವ, ನಮ್ಮ ಹೊಳೆ ಇಲ್ಲಿಗೆ ಬರಲ್ಲ. ಅದು ಮೂಡಲಕ್ಕೆ ಹೋಗತೈತೆ. ಆಂಧ್ರದ ಕಡೆ ಬೇರೆ ಸಮುದ್ರ ಐತೆ, ಅಲ್ಲಿಗೆ."

ಅವಳು ನನ್ನ ಕಡೆ ತಿರುಗಿದಳು. "ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ದಿನಾ ಸಂಜಿ ಪಡುವಲಕ್ಕೆ ತಿರುಗಿ ಅವರಿಗೆ ಕೈ ಮುಗೀತಿದ್ದೆ," ಎಂದಳು. "ಮೂರು ವರ್ಷ ಅವರಿಗೆ ಬೆನ್ನು ಹಾಕಿ ನಿಂತಂಗಾತಲ್ಲೇ."

ಮಾಳಿಗೆಯ ಮೇಲೆ ಅವಳು ಕೈ ಮುಗಿಯುತ್ತಿದ್ದದ್ದು ಮುಳುಗುವ ಸೂರ್ಯನಿಗೆ ಎಂದು ಮನೆಯವರೆಲ್ಲ ತಿಳಿದಿದ್ದೆವು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅವ್ವ ಸಮುದ್ರಕ್ಕೆ ಬೆನ್ನು ಮಾಡಿ, ತೆಂಗಿನ ಮರ, ಐಸ್‌ಕ್ರೀಮ್ ಗಾಡಿ, ಸಾಲಾಗಿ ನಿಂತ ಕಾರುಗಳ ಕಡೆ ತಿರುಗಿದಳು. ಡಬ್ಬಿಯನ್ನು ಮುಚ್ಚಳ ತೆಗೆದು ಮರಳಿನ ಮೇಲಿಟ್ಟಳು. ಸಂಜೆಯ ಫೋಟೊ ತೆಗೆಯುತ್ತಿದ್ದವರು ಫೋನು ಇಳಿಸಿ ನಮ್ಮನ್ನೇ ನೋಡಿದರು.

"ಈ ಕಡೀನಾ?" ಎಂದಳು. "ಈ ಸಲನಾದ್ರೂ ನಿಜ ಹೇಳು."

ಫೋನಿನಲ್ಲಿ ದಿಕ್ಕು ನೋಡಿದೆ. ಅವಳ ಹೆಗಲು ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿದೆ.