ಒಂದು ದಿನದ ಇಳಿಜಾರು

ಮತದಾನದ ಮಾರನೆಯ ಬೆಳಿಗ್ಗೆ, ಚುನಾವಣೆಯ ಸಾಮಾನು ಒಯ್ಯುವ ಲಾರಿ ಬರುವುದಕ್ಕೆ ಮೊದಲೇ ಬೀಗದಮ್ಮ ಶಾಲೆಗೆ ಬಂದು ಇಳಿಜಾರಿನ ಮೇಲೆ ಕುಳಿತುಬಿಟ್ಟಿದ್ದಳು. ಕಬ್ಬಿಣದ ಚೌಕಟ್ಟಿಗೆ ದಪ್ಪ ಹಲಗೆ ಬಡಿದು, ಕಾಲು ಜಾರದಿರಲೆಂದು ಮೇಲೆ ರಬ್ಬರು ಅಂಟಿಸಿದ ಇಳಿಜಾರು. ಒಂದು ಬದಿಗೆ ಹಿಡಿದುಕೊಳ್ಳಲು ಕಂಬಿಯೂ ಇತ್ತು. ಗಾಲಿಕುರ್ಚಿಯ ಮತದಾರರಿಗೆಂದು ಅದನ್ನು ತಂದು, ಮತಗಟ್ಟೆಯಾಗಿದ್ದ ಕೊನೆಯ ಕೋಣೆಯ ಐದು ಮೆಟ್ಟಿಲುಗಳ ಮೇಲೆ ಹಾಕಿದ್ದರು.

ಅವಳು ಈ ಶಾಲೆಯ ಆಯಾ. ಸೊಂಟದಲ್ಲಿ ನಲವತ್ತು ವರ್ಷದಿಂದ ತೂಗುತ್ತಿರುವ ಬೀಗದಕೈ ಗೊಂಚಲನ್ನು ನೋಡಿ ಮಕ್ಕಳು ಇಟ್ಟ ಹೆಸರು ಬೀಗದಮ್ಮ. ಸಂಬಳದ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಈ ವರ್ಷದ ಕೊನೆಗೆ ಅವಳಿಗೆ ನಿವೃತ್ತಿ.

ಈ ಸಂಸತ್ ಕ್ಷೇತ್ರದಲ್ಲಿ ಯಾವಾಗ ಯಾರು ಗೆದ್ದರು ಎಂದು ಕೇಳಿದರೆ ಅವಳು ಇಸವಿ ಹೇಳುವುದಿಲ್ಲ, ಕೊನೆಯ ಕೋಣೆಗೆ ಏನು ಬಂತು ಎಂದು ಹೇಳುತ್ತಾಳೆ. ಅವಳು ಕೆಲಸಕ್ಕೆ ಸೇರಿದ ವರ್ಷ ವಕೀಲರೊಬ್ಬರು ಗೆದ್ದರು. ಆ ಸಲ ಬಂದದ್ದು ಬಲ್ಬು. ಮತದಾನದ ಮಾರನೆಯ ದಿನ ಬಲ್ಬು, ಹೋಲ್ಡರು, ವೈರು ಮೂರನ್ನೂ ಕಿತ್ತುಕೊಂಡು ಹೋದರು. ಗೋಡೆಯಲ್ಲಿ ಮೊಳೆಯ ತೂತು ಮಾತ್ರ ಉಳಿಯಿತು. ಅದರ ಮುಂದಿನ ಸಲ ನೂಲಿನ ಗಿರಣಿಯ ಕಾರ್ಮಿಕ ಮುಖಂಡ. ಬೀಗದಮ್ಮನ ಗಂಡ ಅದೇ ಗಿರಣಿಯವನು, ಗೆದ್ದ ದಿನ ಮುಖಂಡನನ್ನು ಹೆಗಲ ಮೇಲೆ ಹೊತ್ತು ಪೇಟೆಯೆಲ್ಲ ಕುಣಿದಿದ್ದ. ಎರಡೇ ವರ್ಷಕ್ಕೆ ಗಿರಣಿ ಮುಚ್ಚಿತು. ಮುಖಂಡ ರಾಜಧಾನಿಯಲ್ಲಿ ಮನೆ ಮಾಡಿದ; ಗಂಡ ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಮನೆಯಲ್ಲೇ ಕುಳಿತ. ಆ ಸಲ ಬಂದದ್ದು ಫ್ಯಾನು. ಅದೂ ಹೋಯಿತು.

ಆಮೇಲೆ ಒಬ್ಬ ಬಟ್ಟೆ ವ್ಯಾಪಾರಿ ಎರಡು ಸಲ ಗೆದ್ದ. ಎರಡನೆಯ ಸಲ ಅರ್ಧದಲ್ಲೇ ತೀರಿಕೊಂಡ, ಉಪಚುನಾವಣೆ ನಡೆದು ಅವನ ಮಗಳು ಬಂದಳು. ಅಷ್ಟರಲ್ಲಿ ಕ್ಷೇತ್ರದ ಗಡಿಯನ್ನೇ ಬದಲಿಸಿದರು. ಶಾಲೆಯ ಮುಂದಿನ ರಸ್ತೆಯೇ ಗೆರೆಯಾಯಿತು. ಎದುರಿನ ಸೈಕಲ್ ರಿಪೇರಿಯವನು ರಾತ್ರೋರಾತ್ರಿ ಬೇರೆ ಕ್ಷೇತ್ರದವನಾದ.

"ಅಕ್ಕಾ, ನಿಮ್ ಕಡೆ ನಲ್ಲೀಲಿ ನೀರು ಬಂತಾ?" ಎಂದು ಅವನು ರಸ್ತೆಯ ಆಚೆಯಿಂದ ಕೂಗುತ್ತಿದ್ದ.

"ಇಲ್ಲ ಕಣಪ್ಪಾ, ನಮ್ದೂ ಒಣಗಿದೆ. ಭೇದಭಾವ ಮಾಡಿಲ್ಲ ಅವ್ರು!"

ಸಿನಿಮಾ ನಟನೊಬ್ಬ ಗೆದ್ದ, ಸೋತ, ಪಕ್ಷ ಬದಲಿಸಿ ಮತ್ತೆ ಗೆದ್ದ. ಮತಪೆಟ್ಟಿಗೆ ಹೋಗಿ ಮತಯಂತ್ರ ಬಂತು. ಎಲ್ಲ ಬದಲಾದರೂ ಒಂದು ಕಾಗದ ಮಾತ್ರ ಬದಲಾಗಲಿಲ್ಲ. ಹೆಡ್‌ಮಾಸ್ಟರುಗಳು ವರ್ಗವಾಗಿ ಹೋಗುವವರು, ಆದ್ದರಿಂದ ಬೀಗದಕೈ ವಾಪಸು ಪಡೆಯುವ ರಸೀದಿಗೆ ಮೊದಲಿನಿಂದಲೂ ಅವಳದೇ ರುಜು. ಅದು ಬಿದ್ದರೆ ಮಾತ್ರ ಸಾಮಾನು ಒದಗಿಸಿದ ಕಂಟ್ರಾಕ್ಟರನ ಕೆಲಸ ಮುಗಿದಂತೆ. ಅದರಲ್ಲಿ ಒಂದೇ ವಾಕ್ಯ: "ಕೊಠಡಿಯನ್ನು ಮತದಾನಕ್ಕೆ ಮೊದಲಿದ್ದ ಸ್ಥಿತಿಯಲ್ಲಿಯೇ ವಾಪಸು ಪಡೆದಿರುತ್ತೇನೆ."

ಒಂಬತ್ತು ಸಲ ಅವಳು ಅದಕ್ಕೆ ರುಜು ಹಾಕಿದ್ದಳು. ಓದದೆಯೇ ಏನಲ್ಲ. ಓದಿ, ಸರಿಯಾಗಿಯೇ ಇದೆ ಎಂದುಕೊಂಡು ಹಾಕಿದ್ದಳು.

ಈ ಸಲ ಅವಳನ್ನು ಇಳಿಜಾರಿನ ಮೇಲೆ ಕೂರಿಸಿದ್ದು ಲೆಕ್ಕದ ಟೀಚರ್. ಟೀಚರ್ ಇದೇ ಶಾಲೆಯಲ್ಲಿ ಓದಿದವಳು. ಚಿಕ್ಕಂದಿನಲ್ಲೇ ಎಡಗಾಲು ಸೊರಗಿತ್ತು. ಆಗೆಲ್ಲ ಬೀಗದಮ್ಮನೇ ಸೊಂಟದ ಮೇಲೆ ಕೂರಿಸಿಕೊಂಡು ಆ ಐದು ಮೆಟ್ಟಿಲು ಹತ್ತಿಸುತ್ತಿದ್ದಳು. ಒಂದು ಕಡೆ ಬೀಗದಕೈ, ಇನ್ನೊಂದು ಕಡೆ ಹುಡುಗಿ. ಈಗ ಟೀಚರಿಗೆ ಮೂವತ್ತಾರು. ಕಿಟಕಿಯ ಸರಳು ಹಿಡಿದು ಅಡ್ಡಡ್ಡವಾಗಿ, ಉಸಿರು ಬಿಗಿಹಿಡಿದು ಹತ್ತುತ್ತಾಳೆ. ಇಳಿಜಾರು ಕೊಡಿ ಎಂದು ಬರೆದ ಏಳು ಅರ್ಜಿಗೂ 'ಅವಕಾಶವಿರುವುದಿಲ್ಲ' ಎಂಬ ಉತ್ತರ ಬಂದಿತ್ತು. ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನಿನ್ನೆ, ಮತ ಹಾಕಲು ಬಂದವಳು, ಇಳಿಜಾರಿನಲ್ಲಿ ಯಾರ ಆಸರೆಯೂ ಇಲ್ಲದೆ ನಡೆದು ಹೋಗಿ, ನಡೆದು ಬಂದಳು. ಬೆರಳಿನ ಶಾಯಿ ಒಣಗಿಸುತ್ತ ಮೆಲ್ಲಗೆ ಹೇಳಿದಳು:

"ವರ್ಗಕ್ಕೆ ಅರ್ಜಿ ಬರ್ದಿಟ್ಟಿದೀನಿ ಬೀಗದಮ್ಮ. ಸೋಮವಾರ ಕೊಡ್ತೀನಿ. ಊರಾಚೆ ಒಂದು ಸ್ಕೂಲಿದೆಯಂತೆ, ಮೆಟ್ಟಿಲೇ ಇಲ್ವಂತೆ."

ಬೀಗದಮ್ಮ ಇಳಿಜಾರಿನತ್ತ ನೋಡಿದಳು. ಕಳೆದ ಎರಡು ಚುನಾವಣೆಗೂ ಇದೇ ಇಳಿಜಾರು ಬಂದಿತ್ತು. ಎರಡು ಸಲವೂ ಲಾರಿಗೆ ಏರಿಸುವಾಗ ಒಂದು ತುದಿ ಎತ್ತಿಕೊಟ್ಟವಳು ತಾನೇ.

ಲಾರಿ ಬಂತು. ಕಂಟ್ರಾಕ್ಟರ್ ರಸೀದಿ ಸಿಕ್ಕಿಸಿದ ಹಲಗೆ ಹಿಡಿದು ಇಳಿದ.

"ಏಳಜ್ಜಿ, ಬಿಸಿಲು ಕಾಯೋಕೆ ಬೇರೆ ಜಾಗ ಸಿಗಲಿಲ್ವಾ?"

"ಅಜ್ಜಿ ನಿಮ್ಮನೇಲಿರ್ತಾಳೆ. ನಾನು ಎದ್ದೇಳಲ್ಲ, ಇದು ಇಲ್ಲೇ ಇರತ್ತೆ."

"ಅಯ್ಯೋ, ಎಲೆಕ್ಷನ್ ಆಫೀಸಿನ ಮಾಲು ಕಣಮ್ಮಾ ಇದು! ಒಂದು ದಿನಕ್ಕೆ ಅಂತ ತಂದಿದ್ದು."

"ಗೆದ್ದೋನನ್ನ ಐದು ವರ್ಷ ಇಟ್ಕೋಬೇಕು, ಹತ್ತೋ ದಾರೀನ ಮಾತ್ರ ಒಂದೇ ದಿನಕ್ಕೆ ಕೊಡ್ತೀರಾ? ಅವನನ್ನೂ ಇವತ್ತೇ ಲಾರಿಗೆ ಹಾಕ್ಕೊಂಡು ಹೋಗಪ್ಪ, ನಾನೇ ಒಂದ್ ಕೈ ಹಿಡೀತೀನಿ."

ಲಾರಿಯ ಮೇಲಿದ್ದ ಕೂಲಿಯವರು ಗೊಳ್ಳೆಂದು ನಕ್ಕರು. ಕಂಟ್ರಾಕ್ಟರ್ ನಗಲಿಲ್ಲ.

"ನೋಡಮ್ಮಾ, ಇನ್ನೂ ಹದಿನಾಲ್ಕು ಸ್ಕೂಲಿದೆ ನಂಗೆ. ಮೊದ್ಲು ಸೈನ್ ಹಾಕ್ಬಿಡು."

ಅವಳು ಹಲಗೆ ಇಸಿದುಕೊಂಡು, ಕನ್ನಡಕ ಏರಿಸಿ, ವಾಕ್ಯವನ್ನು ಗಟ್ಟಿಯಾಗಿ ಓದಿದಳು. 'ಮೊದಲಿದ್ದ ಸ್ಥಿತಿಯಲ್ಲಿಯೇ' ಎಂಬಲ್ಲಿ ನಿಂತಳು.

"ಮೊದಲಿದ್ದ ಸ್ಥಿತಿ ನಂಗೆ ಬೇಡ," ಎಂದಳು. "ಒಂಬತ್ತು ಸಲ ತಗೊಂಡಿದೀನಿ ಅದನ್ನ. ನನ್ ಗಂಡ ಸತ್ತಾಗ್ಲೂ ಅದೇ ಸ್ಥಿತಿ, ಆ ಹುಡುಗಿ ಕೈ ಮುರ್ಕೊಂಡಾಗ್ಲೂ ಅದೇ ಸ್ಥಿತಿ. ಸಾಕು. ಇದನ್ನ ಬಿಟ್ಟು ಹೋಗೋದಾದ್ರೆ ಸೈನು, ಇಲ್ಲಾಂದ್ರೆ ಇಲ್ಲ."

ಕಂಟ್ರಾಕ್ಟರ್ ಹೆಡ್‌ಮಾಸ್ಟರಿಗೆ ಫೋನು ಹಚ್ಚಿದ. "ಆಯಮ್ಮ ಹೇಳಿದ ಹಾಗೆ ಮಾಡಿ, ನನ್ನನ್ನು ಸಿಕ್ಕಿಸಬೇಡಿ," ಎಂದು ಅವರು ಇಟ್ಟುಬಿಟ್ಟರು. ಚುನಾವಣಾ ಕಚೇರಿಗೆ ಮಾಡಿದ, ಯಾರೂ ಎತ್ತಲಿಲ್ಲ. ಚಾಲಕ ಎರಡು ಸಲ ಹಾರ್ನು ಒತ್ತಿದ. ಕೊನೆಗೆ ಕಂಟ್ರಾಕ್ಟರ್ ಹಣೆ ಒರೆಸಿಕೊಂಡು, "ಯಾರಾದ್ರೂ ಕೇಳ್ಕೊಂಡು ಬಂದ್ರೆ ನೀನೇ ಉತ್ತರ ಹೇಳ್ಬೇಕು ನೋಡು," ಎಂದ.

"ಬರ್ಲಿ, ಹೇಳ್ತೀನಿ."

ಅವಳು ಆ ವಾಕ್ಯಕ್ಕೆ ಗೆರೆ ಎಳೆದು, ಕೆಳಗೆ 'ಇಳಿಜಾರು ಉಳಿಸಿಕೊಂಡಿದ್ದೇನೆ' ಎಂದು ಬರೆದು ರುಜು ಹಾಕಿದಳು.

ಸೋಮವಾರ ಟೀಚರ್ ಬಂದಳು, ಮೆಟ್ಟಿಲಿದ್ದ ಕಡೆ ನೋಡಿದಳು, ಕಂಬಿ ಮುಟ್ಟಿದಳು. ಮೇಲೆ ನಡೆದು ಹೋದಳು. ಅರ್ಜಿ ಚೀಲದಲ್ಲೇ ಉಳಿಯಿತು. ಬೀಗದಮ್ಮ ಮಾತ್ರ ಉತ್ತರ ಸಿದ್ಧಮಾಡಿಕೊಂಡು ಕಾದಳು. ನೆಲ ಗುಡಿಸುವಾಗ, ಗಂಟೆ ಹೊಡೆಯುವಾಗ ಮನಸ್ಸಿನಲ್ಲೇ ಹೇಳಿಕೊಂಡಳು: ಯಾರನ್ನು ಹೇಗೆ ಕೇಳಬೇಕು, ಎಲ್ಲಿ ದನಿ ಏರಿಸಬೇಕು. ಒಂದು ವಾರವಾಯಿತು, ಮೂರಾಯಿತು. ಮತ ಎಣಿಕೆ ಮುಗಿದು, ಗೆದ್ದ ಹೊಸಬನ ಮೆರವಣಿಗೆ ಶಾಲೆಯ ಮುಂದಿನ ರಸ್ತೆಯಲ್ಲೇ ಹೋಯಿತು. ಇಳಿಜಾರನ್ನು ಯಾರೂ ಕೇಳಿಕೊಂಡು ಬರಲಿಲ್ಲ.

ಗೆದ್ದೆನೆಂದು ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಯಾರಿಗೂ ಬೇಡದ ಸಾಮಾನು ಕಣೋ ಇದು," ಎಂದು ಅವಳು ಸೈಕಲ್ ರಿಪೇರಿಯವನ ಮುಂದೆ ಕುದಿದಳು. "ಕೊಂಡುಹೋಗ್ಲೇಬೇಕಾಗಿದ್ರೆ ಹುಡುಕ್ಕೊಂಡು ಬರ್ತಿರ್ಲಿಲ್ವಾ? ಬಲ್ಬು, ಫ್ಯಾನು, ಎಲ್ಲಾನೂ ಸುಮ್ನೆ ಬಿಟ್ಟುಹೋಗಬಹುದಿತ್ತು. ನಲವತ್ತು ವರ್ಷ ಕತ್ತಲಲ್ಲಿ ಕೂರಿಸಿದ್ರಲ್ಲೋ ಮಕ್ಕಳನ್ನ, ಬರೀ ಅಭ್ಯಾಸಕ್ಕೆ!"

ಅವನು ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿದ. ರಸ್ತೆಯ ಆಚೆ, ಕೊನೆಯ ಕೋಣೆಯಿಂದ ಲೆಕ್ಕದ ಟೀಚರ ದನಿ ಕೇಳಿಸುತ್ತಿತ್ತು.