ಕೇಳಿದ್ದು ಇಲ್ಲದಾಗ

ಇಳಕಲ್ಲಿನ ಸ್ಮಿತಾಗೆ ಯಲಹಂಕದ ಆ ನಾಲ್ಕು ಮೇಜಿನ ಆಫೀಸು ಇಷ್ಟವಾಗಿತ್ತು. ಕೆಳಗಿನ ಬೇಕರಿಯ ಬನ್ನಿನ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಂಗಡಿಗಳ ಆ್ಯಪ್‌ನಲ್ಲಿ ಗಿರಾಕಿ ಟೈಪ್ ಮಾಡಿದ ಮಾತು ಈ ಆಫೀಸಿನ ಎಪಿಐಗೆ, ಅಂದರೆ ಹುಡುಕಿಕೊಡುವ ಪ್ರೋಗ್ರಾಮಿಗೆ ಬರುತ್ತದೆ. ಅದು ಸಾಮಾನು ಹುಡುಕಿ ತೋರಿಸುತ್ತದೆ. ಸಿಗದಿದ್ದರೆ ಪ್ರೋಗ್ರಾಮು ತಾನೇ ಆ ಮಾತನ್ನು ತಿದ್ದಿ ಮತ್ತೆ ಹುಡುಕಬಲ್ಲದು. ಅಂಗಡಿಯವರು ಸೆಟ್ಟಿಂಗ್‌ನಲ್ಲಿ ಏನೂ ಹೇಳದಿದ್ದರೆ ಹಾಗೆ ತಿದ್ದಬೇಕೇ, ಬೇಡವೇ? 2017ರ ಆ ವಾರ ಅದನ್ನು ತೀರ್ಮಾನಿಸುವ ಕೆಲಸ ಸ್ಮಿತಾಳದ್ದು. ಅವಳೊಬ್ಬಳೇ ಮಾಡುವ ಮೊದಲ ತೀರ್ಮಾನ.

"ಯಾರೂ ಸೆಟ್ಟಿಂಗ್ ಮುಟ್ಟಲ್ಲಮ್ಮ. ನೀನು ಬಿಟ್ಟಿದ್ದೇ ಉಳಿಯೋದು. ನಾಳೆ ಶಿವರಾಮ್ ಬಂದು ನೋಡ್ತಾರೆ. ಅವರದ್ದೇ ನಮ್ಮ ಮೊದಲ ಅಂಗಡಿ, ಕೈ ಜಾರಬಾರದು," ಎಂದರು ಮಾಲೀಕ ನಂದಕುಮಾರ್.

ಅವಳು ಪ್ರೋಗ್ರಾಮು ತಿದ್ದುವುದನ್ನು ನಿಲ್ಲಿಸಿ "ಜೋಳದ ಹಿಟ್ಟು" ಎಂದು ಹುಡುಕಿದಳು. ಖಾಲಿ ಪುಟ.

"ನಿನ್ನ ರೊಟ್ಟಿಗೆ ನೀನೇ ಕಲ್ಲು ಹಾಕ್ಕೊಂಡೆ," ನಂದಕುಮಾರ್ ನಕ್ಕರು.

ಈಗ ಅದಕ್ಕೆ ತಿದ್ದಲು ಬಿಟ್ಟಳು. ಪ್ರೋಗ್ರಾಮು ಜೋಳವನ್ನು ಸದ್ದಿಲ್ಲದೆ ಕೈಬಿಟ್ಟು ಅಕ್ಕಿ ಹಿಟ್ಟು ತೋರಿಸಿತು.

"ಇದ್ರಾಗ ರೊಟ್ಟಿ ಬಡಿಯಾಕ ಬರ್ತದೇನ್ರಿ ಸರ?"

"ಅಕ್ಕಿ ರೊಟ್ಟಿ ತಟ್ಕೋ. ಯಲಹಂಕದಿಂದ ಯಾರೂ ಓಡಿಸಲ್ಲ."

ಸಂಜೆಯಾದರೂ ತೀರ್ಮಾನವಾಗಲಿಲ್ಲ. ಆಗ ಮನೆ ಓನರ್ ಮುನಿಕೆಂಪಮ್ಮನ ಫೋನು ಬಂತು. ಮಿಲ್ಲಿಗೆ ಹೊರಟಿದ್ದ ಅವರಿಗೆ ಸ್ಮಿತಾ ಜೋಳದ ಹಿಟ್ಟು ತರಲು ಹೇಳಿದ್ದಳು. ಬರಿಗೈಯಲ್ಲಿ ಬರುವುದು ಮುನಿಕೆಂಪಮ್ಮನಿಗೆ ಅವಮಾನ. ಹೋದ ತಿಂಗಳು ಮಜ್ಜಿಗೆ ಮೆಣಸಿನಕಾಯಿ ಕೇಳಿದರೆ ಉಪ್ಪಿನಕಾಯಿ ತಂದು, ಮಾತಿಲ್ಲದೆ ಡಬ್ಬಿಗೆ ತುಂಬಿಟ್ಟಿದ್ದರು.

"ಜೋಳ ಮುಗ್ದೋಗೈತಂತೆ ಕಣಮ್ಮ. ರಾಗಿ ಇಟ್ಟು ಐತೆ. ತರ್ಲಾ, ಬ್ಯಾಡ್ವಾ?"

"ಇವತ್ತ ಹೆಂಗ ಕೇಳಾಕತ್ತೀರಿ?"

"ಓದ್ಸಲ ಮೂತಿ ಊದಿಸ್ಕೊಂಡಿದ್ಯಲ್ಲ, ಅದುಕ್ಕೇಯ."

"ತರ್ರಿ," ಎಂದು ಸ್ಮಿತಾ ನಗುತ್ತಲೇ ಫೋನಿಟ್ಟಳು. ಅವಳಿಗೆ ಸಿಟ್ಟು ಬಂದದ್ದು ಉಪ್ಪಿನಕಾಯಿಗಲ್ಲ, ಹೇಳದೆ ಇಟ್ಟದ್ದಕ್ಕೆ. ಮತ್ತೆ ಕೀಬೋರ್ಡ್ ಎಳೆದುಕೊಂಡಳು.

ಮರುದಿನ ಶಿವರಾಮ್ ಬೇಕೆಂದೇ ತಮ್ಮ ಅಂಗಡಿಯಲ್ಲಿಲ್ಲದ್ದನ್ನು ಹುಡುಕಿದರು: "ಕೆಂಪು ಅವಲಕ್ಕಿ". ಪುಟದ ತಲೆಯಲ್ಲಿ ಬಂತು: "ಕೆಂಪು ಅವಲಕ್ಕಿ ಇಲ್ಲ. ಬೇರೆ ಅವಲಕ್ಕಿ ತೋರಿಸಲೇ?"

ಶಿವರಾಮ್ ಕನ್ನಡಕ ಏರಿಸಿದರು. "ನಾನು ಗಲ್ಲಾದಲ್ಲಿ ಕೂತು ಕೇಳೋದೂ ಇದನ್ನೇ. ಇರ್ಲಿ, ಹಿಂಗೇ ಇರ್ಲಿ."

ನಂದಕುಮಾರ್ ಬೇಕರಿಯಿಂದ ಎಲ್ಲರಿಗೂ ಬನ್ನು ತರಿಸಿದರು.

ಆ ಸಂಜೆ ಸ್ಮಿತಾ ರಾಗಿ ಹಿಟ್ಟನ್ನು ಜೋಳದಂತೆಯೇ ನಾದಿ ಬಡಿದಳು. ರೊಟ್ಟಿ ಅಂಚಿನಿಂದ ಅಂಚಿಗೆ ಸೀಳಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುನಿಕೆಂಪಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು.

"ರೊಟ್ಟಿ ಆಗಾಕಿಲ್ಲ ಇದು. ಉಳಿದಿದ್ರಾಗೆ ಮುದ್ದೆ ತಿರುವ್ಲಾ?"

"ಕೇಳಿದ್ರಲ್ಲ ಅವ್ವಾ," ಎಂದು ಸ್ಮಿತಾ ಒಲೆಯ ಮುಂದಿನಿಂದ ಸರಿದು ಜಾಗ ಬಿಟ್ಟಳು. "ತಿರುವ್ರಿ."