ಕೋರ್ಟು ಹೇಳದೇ ಬಿಟ್ಟದ್ದು

ಇವತ್ತು ಬೆಳಿಗ್ಗೆ ಶಿರಸಿಯ ಝೆರಾಕ್ಸ್ ಅಂಗಡಿಯಲ್ಲಿ ಹೈಕೋರ್ಟಿನ ಹೊಸ ತೀರ್ಪೊಂದನ್ನು ಪ್ರಿಂಟ್ ಹಾಕಿಸುತ್ತಿದ್ದೆ. ಬಿಸಿ ಕಾಗದದ ಆ ಸುಟ್ಟ ಶಾಯಿಯ ವಾಸನೆ ಮೂಗಿಗೆ ಬಡಿದಿದ್ದೇ ವಕೀಲರು ನೆನಪಾದರು. ಇದೇ ಕೌಂಟರಿಗೆ ಒರಗಿ, ಪುಟ ಪೂರ್ತಿ ಹೊರಬರುವ ಮೊದಲೇ ಎಳೆದುಕೊಂಡು ಓದುತ್ತಿದ್ದರು. "ಹರೀತದೆ ವಕೀಲ್ರೆ, ಸ್ವಲ್ಪ ನಿಲ್ರಿ" ಎಂದು ಅಂಗಡಿಯ ಸಾಬರು ಗದರುತ್ತಿದ್ದರು...

ಅವರು ನಮ್ಮ ಕೇಸಿನ ವಕೀಲರಲ್ಲ. ಹೊಸ ತೀರ್ಪು ಬಂದಾಗಲೆಲ್ಲ ಅದನ್ನು ಕನ್ನಡದಲ್ಲಿ ಬಿಡಿಸಿ ತಮ್ಮ ಬ್ಲಾಗಿನಲ್ಲಿ ಬರೆಯುತ್ತಿದ್ದರು, ಅಷ್ಟೇ. ಜಗಳ ಏನು, ಯಾರು ಏನು ಕೇಳಿದರು, ಕೋರ್ಟು ಏನು ಹೇಳಿತು. ಕಟ್ಟಕಡೆಗೆ 'ಕೋರ್ಟು ಹೇಳದೇ ಬಿಟ್ಟದ್ದು' ಎಂಬ ಭಾಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅತಿಕ್ರಮಣದಾರರೆಲ್ಲ ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆವು. ನಮ್ಮಂಥವರ ಮನೆಗಳು ನಿಂತಿದ್ದದ್ದೇ ಆ ಹೇಳದೇ ಬಿಟ್ಟ ಜಾಗದಲ್ಲಿ!

ನಮ್ಮದು ಸಿದ್ದಾಪುರದ ಕಡೆ, ಸೊಪ್ಪಿನ ಬೆಟ್ಟದ ಅಂಚಿನ ಮನೆ. ಬೆಟ್ಟವೆಂದರೆ ಕಾನೂನಿನ ಪ್ರಕಾರ ಅರಣ್ಯ. ತೋಟಕ್ಕೆ ಸೊಪ್ಪು ಕಡಿಯಬಹುದು, ಮನೆ ಕಟ್ಟುವ ಹಾಗಿಲ್ಲ. ಪಾಲಿನಲ್ಲಿ ಜಾಗ ಸಿಗದ ಅಪ್ಪ ಕಟ್ಟಿಬಿಟ್ಟಿದ್ದ. ಆಮೇಲೆ ಖಾಲಿ ಮಾಡಿ ಎಂದು ನೋಟೀಸು ಬಂತು, ಕೇಸಾಯಿತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ನಾವು ಎರಡೂ ಆಗದೆ ನೇತಾಡುತ್ತಿದ್ದೆವು.

ಹೀಗಿರುವಾಗ ಒಂದು ಸಂಜೆ ಎಲ್ಲರ ವಾಟ್ಸಾಪಿಗೂ ಒಂದೇ ಸುದ್ದಿ: 'ಬೆಟ್ಟದ ಕಟ್ಟಡಗಳೆಲ್ಲ ತೆರವು, ಹೈಕೋರ್ಟ್ ಆದೇಶ.' ಬ್ಲಾಗಿನಲ್ಲಿ ಏನೂ ಇರಲಿಲ್ಲ. ತಡೆಯಲಾರದೆ ವಕೀಲರಿಗೆ ಫೋನು ಮಾಡಿ ನಮ್ಮ ಮನೆ ಉಳಿಯುತ್ತದೆಯೇ ಎಂದು ಕೇಳಿದೆ.

"ತಂಗಿ, ಆನು ತೀರ್ಪು ಓದ್ತೆ. ಭವಿಷ್ಯ ಹೇಳಲೆ ಬತ್ತಿಲ್ಲೆ. ಪೂರ್ತಿ ಓದಿ ಬರೀತೆ" ಎಂದರು. ನನಗೆ ಸಿಟ್ಟು ಬಂತು. ನೀರಿನಲ್ಲಿ ಮುಳುಗುವವರಿಗೆ ದಡದಲ್ಲಿ ಕೂತು ಆಳ ಅಳೆಯುವ ಮಹಾನುಭಾವ ಎಂದು ಮನಸ್ಸಿನಲ್ಲೇ ಬೈದೆ.

ಅಪ್ಪ ಕಾಯಲಿಲ್ಲ. ಮನೆಗೆ ತಾಗಿದ ಕೊಟ್ಟಿಗೆಯನ್ನು ನಾವೇ ಕಿತ್ತರೆ ಅರಣ್ಯದವರು ಮನೆಗೆ ಕೈಹಾಕಲಿಕ್ಕಿಲ್ಲ ಎಂದು ಲೆಕ್ಕ ಹಾಕಿ, ಮರುದಿನವೇ ಕಿತ್ತು ಹಾಕಿದ. ಹರಕೆಗೆ ಕಾಯಿ ಒಡೆದ ಹಾಗೆ. ಆಕಳುಗಳನ್ನು ಮಾವನ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟೆವು. ಆಯಿ ದಿನವಿಡೀ ಒಳಗಿನಿಂದ ಹೊರಗೆ ಬರಲಿಲ್ಲ.

ಆಮೇಲೆ ಬ್ಲಾಗಿನಲ್ಲಿ ಬರಹ ಬಂತು. ಎಂದಿನಂತೆ ಕೆಳಗಿನಿಂದ ಓದಿದೆ. ಆ ಆದೇಶ ಯಲ್ಲಾಪುರದ ಕಡೆಯ ಒಂದು ಹೊಸ ಕಟ್ಟಡಕ್ಕೆ ಮಾತ್ರ. ನಮ್ಮದರಂತೆ ಕೇಸು ಇನ್ನೂ ನಡೆಯುತ್ತಿರುವ ಹಳೆಯ ಮನೆ, ಕೊಟ್ಟಿಗೆಗಳ ಬಗ್ಗೆ ಕೋರ್ಟು ಚಕಾರ ಎತ್ತಿರಲಿಲ್ಲ...

ನಾವು ಕೊಟ್ಟಿಗೆ ಕಿತ್ತ ವಿಷಯ ವಕೀಲರ ಕಿವಿಗೂ ಬಿದ್ದಿರಬೇಕು, ಬಸ್ಸಿಳಿದು ನಡೆದುಕೊಂಡೇ ನಮ್ಮಲ್ಲಿಗೆ ಬಂದರು. ಕೊಟ್ಟಿಗೆಯಿದ್ದ ಜಾಗವನ್ನು ನೋಡುತ್ತ ನಿಂತರು. "ಆನು ತಡ ಮಾಡ್ದಿ ಭಾವ" ಎಂದರು ಅಪ್ಪನಿಗೆ. ಆಸರಿಗೆಂದು ಕುಡಿಯಲು ಕೊಟ್ಟ ಚಹಾ ಅರ್ಧ ಹಾಗೇ ಉಳಿದಿತ್ತು.

ಅಂದಿನಿಂದ ತೀರ್ಪಿನ ಸುದ್ದಿ ಬಂದ ದಿನವೇ ಬ್ಲಾಗಿನಲ್ಲಿ ಎರಡು ವಾಕ್ಯ ಇರುತ್ತಿದ್ದವು: 'ಓದುತ್ತಿದ್ದೇನೆ. ಅಲ್ಲಿಯವರೆಗೆ ಯಾರೂ ಏನನ್ನೂ ಕೀಳಬೇಡಿ.' 'ಕೀಳಬೇಡಿ ವಕೀಲರು' ಎಂದು ಊರವರು ತಮಾಷೆ ಮಾಡುತ್ತಿದ್ದರು. ನಾನು ಮಾತ್ರ ಅದನ್ನು ಓದಿದ ಮೇಲೆಯೇ ಅನ್ನ ಉಣ್ಣುತ್ತಿದ್ದೆ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ವಕೀಲರು ತಿರುಗಿ ಬರಲಿಲ್ಲ. ಸ್ವಂತ ದೊಡ್ಡಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ನಿನ್ನೆ ಬೆಟ್ಟದ ಮನೆಗಳ ಬಗ್ಗೆ ಈ ಹೊಸ ತೀರ್ಪು ಬಂದಾಗಿನಿಂದ ಫೋನಿನ ತುಂಬ ಕೆಂಪಕ್ಷರದ ವಿಡಿಯೋಗಳು, ಒಂದೊಂದರದು ಒಂದೊಂದು ಮಾತು. ಅದಕ್ಕೇ ತೀರ್ಪನ್ನೇ ತೆಗೆದುಕೊಂಡು ಹೋಗೋಣವೆಂದು ಬಂದೆ. ಇಂಗ್ಲಿಷ್ ಓದಲು ಬರುತ್ತದೆ. ಆದರೆ ಒಂದು ಪ್ಯಾರಾ ನಮ್ಮ ಮನೆ ಉಳಿಸಿದ ಹಾಗೆ ಕಂಡರೆ ಮುಂದಿನದು ಕಿತ್ತುಕೊಂಡ ಹಾಗೆ ಕಾಣುತ್ತದೆ.

ಅಂಗಡಿಯಲ್ಲಿರುವಾಗಲೇ ಅಪ್ಪನ ಫೋನು ಬಂತು. ಏಣಿ ಇಟ್ಟಾಗಿದೆಯಂತೆ.

"ಕೂಸೆ, ಹಂಚು ಇಳಿಸ್ಲಾ? ಅರಣ್ಯದವು ಬಂದು ಒಡೆಯೋದಕ್ಕಿಂತ ಮುಂಚೆ ನಾವೇ ಇಳಿಸಿದ್ರೆ ಹಂಚಾದ್ರೂ ಉಳಿತು."

ಇಳಿಸಬೇಡ ಎನ್ನಲು ಬಾಯಿ ತೆರೆದೆ. ಹಾಗೆಂದು ಯಾವ ಪುಟದಲ್ಲಿದೆ ಎಂದು ಅಪ್ಪ ಕೇಳಿದರೆ? ಅವನು ಆ ಕಡೆ ಕಾಯುತ್ತಲೇ ಇದ್ದ. ನಾನು ಬಿಸಿ ಆರದ ಪುಟಗಳನ್ನು ತಿರುವಿ, ಕಟ್ಟಕಡೆಯದನ್ನು ಕೆಳಗಿನಿಂದ ಓದತೊಡಗಿದೆ.